ಪರ್ತ್‌ನಲ್ಲಿ ಪೆಟ್ರೋಲ್: ಮಧ್ಯಾಹ್ನ ಎರಡೂವರೆಯ ಲೆಕ್ಕ

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ನಾಳೆಯ ಪೆಟ್ರೋಲ್ ದರ ಇವತ್ತೇ ಗೊತ್ತಾಗುತ್ತದೆ. ಪಶ್ಚಿಮ ಆಸ್ಟ್ರೇಲಿಯಾ ಸರ್ಕಾರ 2001ರಲ್ಲಿ ತಂದ ‘ಫ್ಯುಯೆಲ್‌ವಾಚ್’ ನಿಯಮದ ಪ್ರಕಾರ ಬಂಕಿನವರು ಮರುದಿನದ ದರವನ್ನು ಮಧ್ಯಾಹ್ನ 2ರೊಳಗೆ ತಿಳಿಸಬೇಕು. 2.30ಕ್ಕೆ ಅದು ವೆಬ್‌ಸೈಟಿಗೆ ಬರುತ್ತದೆ. ಬೆಳಿಗ್ಗೆ 6ರಿಂದ 24 ಗಂಟೆ ಅದೇ ದರ. ಏರಿಸುವಂತಿಲ್ಲ, ಎದುರು ಬಂಕಿನವನು ಕಡಿಮೆಗೆ ಕೊಡುತ್ತಿದ್ದಾನೆಂದು ಇಳಿಸುವಂತೆಯೂ ಇಲ್ಲ.

ಅಲ್ಲಿ ದರ ವಾರಕ್ಕೊಮ್ಮೆ ದಿಢೀರನೆ ಜಿಗಿದು, ಉಳಿದ ದಿನ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅಗ್ಗದ ದಿನ ಮಂಗಳವಾರ, ಮರುದಿನವೇ ಜಿಗಿತ. ಬೋರ್ಡಿನಲ್ಲಿ 169.9 ಅಂದರೆ ಲೀಟರಿಗೆ ಅಷ್ಟು ಸೆಂಟ್. ನಾಳೆಗೆ 194.9 ಅಂತ ತೋರಿಸಿದರೆ 40 ಲೀಟರಿಗೆ 10 ಡಾಲರ್ ವ್ಯತ್ಯಾಸ, ಇವತ್ತೇ ಹಾಕಿಸಿ.

ಬಹಳ ಜನ ಎಡವುವುದು ಸಣ್ಣ ವ್ಯತ್ಯಾಸದ ಬೆನ್ನು ಹತ್ತಿ. 3 ಸೆಂಟ್ ಕಡಿಮೆಯೆಂದು ಹೋಗಿಬರುವ ಹಾದಿ ಸೇರಿ 10 ಕಿ.ಮೀ. ಸುತ್ತಿದರೆ 40 ಲೀಟರಿಗೆ ಉಳಿಯುವುದು 1.20 ಡಾಲರ್. ನೂರು ಕಿ.ಮೀ.ಗೆ 8 ಲೀಟರ್ ಕುಡಿಯುವ ಕಾರು ಅಷ್ಟರಲ್ಲಿ 1.36 ಡಾಲರಿನ ಪೆಟ್ರೋಲ್ ಸುಟ್ಟಿರುತ್ತದೆ! ಇನ್ನೊಂದು ಎಡವಟ್ಟು, 91 ಆಕ್ಟೇನಿನ ಸಾಮಾನ್ಯ ಪೆಟ್ರೋಲಿನ ದರ ನೋಡಿಕೊಂಡು ಹೋಗಿ ದುಬಾರಿ 98ರ ನಳಿಕೆ ಎತ್ತುವುದು.

ದರ ಬಯಲಾದ ಮಾತ್ರಕ್ಕೆ ಪೆಟ್ರೋಲ್ ಅಗ್ಗವಾಯಿತು ಅಂತಲ್ಲ. ಗ್ರಾಹಕ ನೋಡುವ ಪಟ್ಟಿಯನ್ನೇ ಕಂಪನಿಗಳೂ ನೋಡುತ್ತವೆ. ಡೇವಿಡ್ ಬರ್ನ್, ನಿಕೊಲಾಸ್ ಡಿ ರೂಸ್ ಎಂಬ ಅರ್ಥಶಾಸ್ತ್ರಜ್ಞರು ಪರ್ತ್‌ನ ಈ ದರಗಳನ್ನೇ ವರ್ಷಗಟ್ಟಲೆ ಜಾಲಾಡಿದರು. ದೊಡ್ಡ ಕಂಪನಿಯೊಂದು ಜಿಗಿತದ ದಿನವನ್ನು ತೋರಿಸಿಕೊಟ್ಟಿತು, ಉಳಿದವು ಹಿಂಬಾಲಿಸಿದವು, ಲಾಭದ ಅಂಚು ಹಿಗ್ಗಿತು ಎಂಬುದು ಅವರು ಕಂಡದ್ದು. ಹಾಗಾಗಿ ಸರಾಸರಿ ದರಕ್ಕಿಂತ, ಯಾವ ದಿನ ಹಾಕಿಸುತ್ತೀರಿ ಎಂಬುದರಲ್ಲೇ ನಿಮ್ಮ ಉಳಿತಾಯ.

ಬೆಂಗಳೂರಿನಿಂದ ಹೋದವರಿಗೆ ಇದು ವಿಚಿತ್ರ ಅನ್ನಿಸಬಹುದು. ಇಲ್ಲೂ 2017ರ ಜೂನ್ 16ರಿಂದ ಬೆಳಿಗ್ಗೆ 6ಕ್ಕೇ ದರ ಬದಲಾಗುವ ಪದ್ಧತಿ. ಆದರೆ ಸರ್ಕಾರಿ ಕಂಪನಿಗಳ ದರ ಹೆಚ್ಚುಕಡಿಮೆ ಒಂದೇ, ಬಂಕ್ ಹುಡುಕಿ ಅಲೆದರೆ ಗಿಟ್ಟುವುದು ಪೈಸೆಗಳಷ್ಟೇ.

ಅಲ್ಲಿರುವವರು ಮಂಗಳವಾರ ಸಂಜೆಯ ಸಾಲು ಕಂಡು ಗಾಬರಿಯಾಗಬೇಡಿ. ದಿನ ಬದಲಾಗುವುದು ರಾತ್ರಿ 12ಕ್ಕಲ್ಲ. ಬುಧವಾರ ಬೆಳಿಗ್ಗೆ 5.45ಕ್ಕೂ ಪಂಪಿನಲ್ಲಿ ಮಂಗಳವಾರದ ದರವೇ ಇರುತ್ತದೆ.