ಲದ್ದಿ ರಿಪೋರ್ಟಿನಲ್ಲಿ 'ಆರ್' ಕಂಡರೆ ಔಷಧಿ ಬದಲಿಸಬೇಕೇ?

ಹಾಸನದಲ್ಲಿ ಪಶುರೋಗ ಮಾದರಿ ಪರೀಕ್ಷಿಸುವ ಲ್ಯಾಬಿನಲ್ಲಿ ನನ್ನ ಕೆಲಸ. ದಿನಾ ಬರುವುದು ಕೆಚ್ಚಲು ಬಾವಿನ ಹಾಲು. ಕುದುರೆ ಲದ್ದಿ ಅಪರೂಪ, ಬಂದರೆ ಮೆರವಣಿಗೆ ಕುದುರೆಯದ್ದು, ಇಲ್ಲವೇ ಚಿಕ್ಕಮಗಳೂರು ಕಡೆ ಸವಾರಿಗೆ ಇಟ್ಟ ಕುದುರೆಯದ್ದು. ಜೊತೆಯ ಚೀಟಿಯಲ್ಲಿ 'ಭೇದಿ' ಅಂತ ಇರುತ್ತದೆ. ಹಿಂದೆ ಯಾವ ಆಂಟಿಬಯೋಟಿಕ್ ಕೊಟ್ಟಿದ್ದರು ಅನ್ನುವ ಜಾಗ ಬಹುಪಾಲು ಖಾಲಿ.

ಲದ್ದಿಯನ್ನು ಮ್ಯಾಕಾಂಕಿ ಪ್ಲೇಟಿಗೆ (ಕರುಳಿನ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆ) ಗೀರಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟರೆ ಬೆಳಿಗ್ಗೆ ಗುಲಾಬಿ ಚುಕ್ಕೆಗಳು. ಹೆಚ್ಚಾಗಿ ಇ. ಕೋಲಿ ಅನ್ನುವ ಕರುಳಿನ ಬ್ಯಾಕ್ಟೀರಿಯಾ. ಅದನ್ನು ಇನ್ನೊಂದು ಪ್ಲೇಟಿಗೆ ಹರಡಿ ಔಷಧಿಯ ಬಿಲ್ಲೆ ಇಡುತ್ತೇವೆ. ಕೆಲವು ಸಲ ಸೆಫಲೋಸ್ಪೊರಿನ್ ಗುಂಪಿನ ಆಂಟಿಬಯೋಟಿಕ್ ಆದ ಸೆಫೋಟ್ಯಾಕ್ಸಿಮ್ ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆದು ನಿಂತಿರುತ್ತದೆ. ಪಕ್ಕದಲ್ಲೇ ಅದೇ ಔಷಧಿಗೆ ಕ್ಲಾವುಲಾನಿಕ್ ಆಮ್ಲ ಸೇರಿಸಿದ ಬಿಲ್ಲೆಯ ಸುತ್ತ ಮಾತ್ರ ಸ್ವಚ್ಛವಾದ ಉಂಗುರ. ಎರಡರ ವ್ಯಾಸದಲ್ಲಿ 5 ಮಿಲಿಮೀಟರ್ ಅಥವಾ ಹೆಚ್ಚು ವ್ಯತ್ಯಾಸ ಬಂದರೆ ಅದು ಇಎಸ್‌ಬಿಎಲ್: ಸೆಫಲೋಸ್ಪೊರಿನ್ ಔಷಧಿಯನ್ನೇ ಒಡೆದುಹಾಕುವ ಕಿಣ್ವ ಆ ಬ್ಯಾಕ್ಟೀರಿಯಾದ ಹತ್ತಿರ ಇದೆ, ಕ್ಲಾವುಲಾನಿಕ್ ಆಮ್ಲ ಆ ಕಿಣ್ವವನ್ನು ತಡೆಯುತ್ತದೆ.

ರಿಪೋರ್ಟಿನಲ್ಲಿ ರೆಸಿಸ್ಟೆಂಟ್ (ಆ ಔಷಧಿಗೆ ಬಗ್ಗದ್ದು) ಅನ್ನುವ 'ಆರ್' ಕಂಡ ತಕ್ಷಣ ಮಾಲೀಕರು ಕೇಳುವುದು ಒಂದೇ: "ಹಾಗಾದ್ರೆ ಇನ್ನೂ ಪವರ್ ಇರೋದು ಯಾವುದು ಸಾರ್?" ಇಲ್ಲಿ ನಾನು ಗಟ್ಟಿಯಾಗಿ ತಡೆಯುತ್ತೇನೆ. ಇ. ಕೋಲಿ ಆರೋಗ್ಯವಂತ ಕುದುರೆಯ ಕರುಳಲ್ಲೂ ಇರುತ್ತದೆ, ಇಎಸ್‌ಬಿಎಲ್ ಇರುವಂಥದ್ದೂ ಸಿಗುತ್ತದೆ. ಸಿಕ್ಕಿತು ಅಂದಮಾತ್ರಕ್ಕೆ ಭೇದಿ ಅದರಿಂದಲೇ ಅಂತಲ್ಲ. ಬೆಳೆದ ಕುದುರೆಯ ಭೇದಿಯಲ್ಲಿ ಹುಡುಕಬೇಕಾದ್ದು ಸಾಲ್ಮೊನೆಲ್ಲಾ, ಕ್ಲಾಸ್ಟ್ರೀಡಿಯಂ ಎಂಬ ಬೇರೆ ಬ್ಯಾಕ್ಟೀರಿಯಾ. ಸಾಲ್ಮೊನೆಲ್ಲಾ ಲದ್ದಿಯಲ್ಲಿ ಒಮ್ಮೆ ಬಂದು ಒಮ್ಮೆ ಬಾರದೆ ಇರುವುದರಿಂದ ಒಂದೇ ಮಾದರಿ ಸಾಲದು, ಮತ್ತೆ ಮತ್ತೆ ಕಳಿಸಬೇಕು. ಅದಕ್ಕಿಂತ ಮುಖ್ಯವಾಗಿ, ಭೇದಿ ತಂದಿದ್ದು ಹಿಂದೆ ಕೊಟ್ಟ ಆಂಟಿಬಯೋಟಿಕ್ಕೇ ಇರಬಹುದು. ಕುದುರೆ ಹುಲ್ಲು ಅರಗಿಸುವುದೇ ಹಿಂಗರುಳಿನ ಸೂಕ್ಷ್ಮಜೀವಿಗಳಿಂದ. ಅವು ಸತ್ತರೆ ಕರುಳಿಗೇ ಉರಿಯೂತ ಬರಬಹುದು. ಲಿಂಕೊಮೈಸಿನ್ ಅನ್ನುವ ಆಂಟಿಬಯೋಟಿಕ್ ಹೊಟ್ಟೆಗೆ ಹೋದರೆ ಕುದುರೆ ಸಾಯಲೂಬಹುದು. ಇಂಥ ಹೊತ್ತಲ್ಲಿ ಜೀವ ಉಳಿಸುವುದು ಬಹಳ ಸಲ ಡ್ರಿಪ್, ಹೊಸ ಇಂಜೆಕ್ಷನ್ ಅಲ್ಲ.

ಹಾಗಂತ ಆ 'ಆರ್' ಅನ್ನು ಕಡೆಗಣಿಸುವಂತಿಲ್ಲ. ಇಎಸ್‌ಬಿಎಲ್ ಜೀನ್ ಸಾಮಾನ್ಯವಾಗಿ ಪ್ಲಾಸ್ಮಿಡ್ ಅನ್ನುವ ಸಣ್ಣ ಡಿಎನ್‌ಎ ಉಂಗುರದ ಮೇಲಿರುತ್ತದೆ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದೆ. ಮುಂದೆ ಅದೇ ಕುದುರೆಯ ಗಾಯ ಕೀವಾದರೆ ಔಷಧಿ ಆರಿಸುವ ಡಾಕ್ಟರಿಗೆ ಈ ಮಾಹಿತಿ ಬೇಕು. ಲಾಯ ಗುಡಿಸುವವರಿಗೂ ಬೇಕು, ಅವರ ಕೈಯಿಂದ ಆ ಬ್ಯಾಕ್ಟೀರಿಯಾ ಮನೆ ಸೇರಬಹುದು.

ಈಗ ರಿಪೋರ್ಟ್ ಕಳಿಸುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ, ಹಿಂದೆ ಕೊಟ್ಟ ಆಂಟಿಬಯೋಟಿಕ್ ಯಾವುದು ಅನ್ನುವ ಆ ಖಾಲಿ ಜಾಗ ತುಂಬಿಸಿಕೊಳ್ಳುತ್ತೇನೆ. ಲಾಯದವರಿಗೆ ಸೋಪು ಹಾಕಿ ಕೈ ತೊಳೆಯಲು, ಹಸಿ ಲದ್ದಿಯನ್ನು ನೇರ ತರಕಾರಿ ಮಡಿಗೆ ಹಾಕದೆ ಗುಂಡಿಯಲ್ಲಿ ಚೆನ್ನಾಗಿ ಕೊಳೆಸಿ ಗೊಬ್ಬರ ಮಾಡಲು ಹೇಳಿಸುತ್ತೇನೆ.