ಒಂದೇ ಕಮಿಟ್‌ನಲ್ಲಿ 4,300 ಸಾಲು

ಕಳೆದ ಶ್ರಾವಣದ ಒಂದು ರಾತ್ರಿ. ಊಟ ಮುಗಿಸಿ ಲ್ಯಾಪ್‌ಟಾಪ್ ತೆಗೆದರೆ ನನ್ನ ಪ್ರಾಜೆಕ್ಟ್‌ಗೆ ಒಂದು ಪುಲ್ ರಿಕ್ವೆಸ್ಟ್, ಅಂದರೆ ‘ನಾನು ಮಾಡಿದ ಬದಲಾವಣೆ ಸೇರಿಸಿಕೊಳ್ಳಿ’ ಅನ್ನೋ ಕೋರಿಕೆ, ಬಂದಿತ್ತು. 61 ಫೈಲ್, 4,300 ಸಾಲು, ಒಂದೇ ಕಮಿಟ್, ಅಂದರೆ ಎಲ್ಲ ಬದಲಾವಣೆಯೂ ಒಂದೇ ಕಂತಿನಲ್ಲಿ. ವಿವರಣೆ ಅಂತ ಇದ್ದದ್ದು ಒಂದೇ ಪದ: ‘ಸುಧಾರಣೆಗಳು’.

ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಈಗ ಎಲ್ಲ ಕಡೆ ಬಳಸುವ ಯೂನಿಕೋಡ್‌ಗೆ ಬದಲಾಯಿಸುವ ಪುಟ್ಟ ಪ್ರೋಗ್ರಾಂ ಅದು. ಸರಸ್ವತಿಪುರಂನ ಮನೆಯಲ್ಲಿ ಕೂತು, ಕೆಲಸ ಮುಗಿದ ಮೇಲೆ ಸಿಗುವ ಒಂದು ಗಂಟೆಯಲ್ಲಿ ನೋಡಿಕೊಳ್ಳುತ್ತೇನೆ. ಇಷ್ಟನ್ನು ಓದದೆ ಸೇರಿಸಿಕೊಳ್ಳೋದು ನನ್ನಿಂದಾಗದು. ಬೇಡ ಅಂತ ಮುಚ್ಚಿಬಿಡೋಕೂ ಮನಸ್ಸಾಗಲಿಲ್ಲ. ಪಾಪ, ಎಷ್ಟು ರಾತ್ರಿ ನಿದ್ದೆಗೆಟ್ಟು ಬರೆದಿದ್ದಾರೋ.

ಬರೆದವನು ಮಂಡ್ಯ ಕಡೆಯ ಇಂಜಿನಿಯರಿಂಗ್ ಹುಡುಗ. ಫೋನ್ ಮಾಡಿದೆ. ‘ಎಲ್ಲಾ ಚೆನ್ನಾಗಿ ಓಡ್ತಾ ಐತೆ ಸಾರ್, ಸುಮ್ನೆ ಸೇರಿಸ್ಕಳಿ’ ಅಂದ. ಭಾನುವಾರ ಮನೆಗೆ ಬಾ ಅಂದೆ. ಬೆಳಗಿನ ರೈಲಿಗೇ ಬಂದ.

ಕಾಫಿ ಕುಡಿದು ಇಬ್ಬರೂ ಕೂತೆವು. ಮೂರು ಸಾವಿರಕ್ಕೂ ಜಾಸ್ತಿ ಸಾಲುಗಳಲ್ಲಿ ಬದಲಾಗಿದ್ದು ಬರೀ ಟ್ಯಾಬ್ ಹೋಗಿ ಸ್ಪೇಸ್ ಬಂದಿದ್ದು. ಆ ರಾಶಿಯ ಮಧ್ಯೆ ಒಂದು ಸಾಲು, ಕಣ್ಣಿಗೆ ಕಾಣದ ಅಕ್ಷರಗಳನ್ನೆಲ್ಲ ಅಳಿಸಿಹಾಕುತ್ತಿತ್ತು. ‘ರ‍್ಯಾಂಕ್’ ಅಂತ ಸರಿಯಾಗಿ ಮೂಡಬೇಕಾದರೆ ರಕಾರಕ್ಕೂ ಹಲಂತಕ್ಕೂ ನಡುವೆ ಜೀರೋ ವಿಡ್ತ್ ಜಾಯ್ನರ್ ಅನ್ನೋ ಅಂಥದ್ದೇ ಒಂದು ಕಾಣದ ಅಕ್ಷರ ಇರಲೇಬೇಕು. ಅದು ಹೋದರೆ ‘ರ್ಯಾಂಕ್’ ಆಗಿ ಅರ್ಕಾವತ್ತು ಬಂದು ಕೂರುತ್ತದೆ. ಓಡಿಸಿ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ನಾನೇ ಬರ್ದಿದ್ದು, ನಂಗೇ ಕಾಣ್ಲಿಲ್ವಲ್ಲ ಸಾರ್’ ಅಂದ.

ಅವನ ತಪ್ಪು ಅನ್ನೋದಕ್ಕಿಂತ ಆ ಗಾತ್ರದ ತಪ್ಪು ಅದು. ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನವರು ಒಂದು ಪ್ಯಾಚ್‌ನಲ್ಲಿ, ಅಂದರೆ ಕಳಿಸುವ ಒಂದು ತಿದ್ದುಪಡಿಯಲ್ಲಿ, ಒಂದೇ ಬದಲಾವಣೆ ಇರಲಿ, ಒಂದು ಸಲಕ್ಕೆ ಸುಮಾರು 15 ಪ್ಯಾಚ್ ಸಾಕು ಅಂತ ಬರೆದಿಟ್ಟಿದ್ದಾರೆ. ಅದರಲ್ಲಿ ಅರ್ಥ ಇದೆ. ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಬೈಸೆಕ್ಟ್ ಅನ್ನೋ ಆಜ್ಞೆ ಇದೆ, ಅದು ಸಾವಿರ ಕಮಿಟ್‌ಗಳಲ್ಲಿ ಕೆಟ್ಟದ್ದು ಯಾವುದು ಅಂತ ಹತ್ತೇ ಹೆಜ್ಜೆಯಲ್ಲಿ ಹುಡುಕಿಕೊಡುತ್ತದೆ. ಆದರೆ ಸಿಕ್ಕಿದ ಕಮಿಟ್ಟೇ 4,300 ಸಾಲು ಇದ್ದರೆ? ಮತ್ತೆ ಮೊದಲಿಂದ ಹುಡುಕಬೇಕು, ಅಲ್ವಾ?

ಆಮೇಲೆ ಒಡೆಯೋಕೆ ಕೂತೆವು. ಗಿಟ್‌ನ ಆಡ್ ಅನ್ನೋ ಆಜ್ಞೆಗೆ ಮೈನಸ್ ಪಿ ಕೊಟ್ಟರೆ ಒಂದೊಂದು ತುಂಡನ್ನೂ ತೋರಿಸಿ ಇದು ಬೇಕಾ ಬೇಡ್ವಾ ಅಂತ ಕೇಳುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಒಂಬತ್ತು ಕಮಿಟ್ ಆಯಿತು. ಸ್ಪೇಸ್‌ನದ್ದೆಲ್ಲ ಒಂದು ಕಡೆ, ಹೊಸ ಅಕ್ಷರಗಳ ಪಟ್ಟಿ ಇನ್ನೊಂದು ಕಡೆ.

ಕೊನೆಗೆ ಉಳಿದದ್ದು ಬರೀ 70 ಸಾಲು. ಅದನ್ನು ನೋಡಿ ನನಗೆ ನಿಜವಾಗಲೂ ಖುಷಿಯಾಯಿತು. ಹಳೇ ಫಾಂಟ್‌ನಲ್ಲಿ ಅರ್ಕಾವತ್ತು ಅಕ್ಷರ ಆದಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲೇ ಬರಬೇಕು. ನನ್ನ ಕೋಡ್ ಒಂದೇ ಅಕ್ಷರ ಹಿಂದೆ ಹೋಗುತ್ತಿದ್ದರಿಂದ ‘ಸಾಮರ್ಥ್ಯ’ ಅನ್ನೋದು ‘ಸಾಮಥ್ರ್ಯ’ ಆಗುತ್ತಿತ್ತು. ಅವನು ಒತ್ತಕ್ಷರವನ್ನೂ ದಾಟಿ ಹಿಂದೆ ಹೋಗುವಂತೆ ಮಾಡಿದ್ದ. ಎರಡು ವರ್ಷದಿಂದ ನನ್ನ ಕೈಗೆ ಬಗ್ಗದೆ ಇದ್ದದ್ದು ಅದು. ಅವತ್ತು ರಾತ್ರಿ ಮುಚ್ಚಿಬಿಟ್ಟಿದ್ದರೆ ಇದೂ ಹೋಗುತ್ತಿತ್ತು.

ಎಲ್ಲ ಸೇರಿಸೋಕೆ ಮೂರು ವಾರ ಹಿಡಿಯಿತು. ಈಗ ಪ್ರಾಜೆಕ್ಟ್‌ನ ಮೊದಲ ಪುಟದಲ್ಲೇ ಬರೆದಿದ್ದೇನೆ: ದೊಡ್ಡ ಕೆಲಸಕ್ಕೆ ಕೈಹಾಕುವ ಮೊದಲು ಒಂದು ಮಾತು ಹೇಳಿ, ಕೂತು ಮಾತಾಡೋಣ. ನನ್ನ ನಂಬರ್ ಬೇಕಾದರೂ ಕೊಡುತ್ತೇನೆ.

ಹೋದ ವಾರ ಅವನಿಂದ ಇನ್ನೊಂದು ಬಂತು. 38 ಸಾಲು, ಜೊತೆಗೆ ಕೋಡ್ ಸರಿಯಾಗಿ ಓಡುತ್ತಾ ಅಂತ ನೋಡುವ ಒಂದು ಟೆಸ್ಟ್. ಅದರಲ್ಲಿ ಮೊದಲ ಪದವೇ ‘ರ‍್ಯಾಂಕ್’.