ಕನ್ನಡದವರಿಗೆ ಉರ್ದು ಯಾಕೆ?

ಮುಂಬೈಯ ಮಾಟುಂಗದಲ್ಲಿ ಕನ್ನಡದ ಯಾವುದೇ ಕಾರ್ಯಕ್ರಮ ಮುಗಿದು ಚಹಾ ಕುಡಿಯುವಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ನೀವು ಕನ್ನಡದವರು, ಉರ್ದು ಯಾಕ್ರೀ ಓದ್ತೀರಿ? ಅದು ಮುಸ್ಲಿಮರ ಭಾಷೆ ಅಲ್ವಾ?" ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಆ ಎರಡನೇ ಮಾತು ಸರಿಯಲ್ಲ. ನಾನು ಉತ್ತರ ಕೊಡಬೇಕಾಗಿರುವುದೂ ಅದಕ್ಕೇ.

ಮುಸ್ಲಿಮರೆಲ್ಲರ ಮನೆಮಾತು ಉರ್ದು ಅಲ್ಲ, ಕರಾವಳಿಯಿಂದ ಬಂದವರಿಗಂತೂ ಇದು ಗೊತ್ತಿರುವ ವಿಷಯ. ಮಂಗಳೂರಿನ ಬ್ಯಾರಿಗಳ ಮನೆಮಾತು ಬ್ಯಾರಿ. ಭಟ್ಕಳದ ನವಾಯತರದು ನವಾಯತಿ. ಮುಂಬೈಯಲ್ಲೇ ನೋಡಿ, ಮೇಮನರಿಗೆ ಮೇಮನಿ ಇದೆ, ಬೋಹ್ರಾಗಳಿಗೆ ಗುಜರಾತಿಗೆ ಹತ್ತಿರದ ತಮ್ಮದೇ ಮಾತಿದೆ. 1952ರ ಫೆಬ್ರವರಿ 21ರಂದು, ಆಗ ಪಾಕಿಸ್ತಾನಕ್ಕೆ ಸೇರಿದ್ದ ಢಾಕಾದಲ್ಲಿ ವಿದ್ಯಾರ್ಥಿಗಳು ಪೊಲೀಸರ ಗುಂಡಿಗೆ ಬಿದ್ದದ್ದು ಯಾಕೆ? ಉರ್ದು ಒಂದೇ ಸಾಲದು, ನಮ್ಮ ಬಂಗಾಳಿಗೂ ಜಾಗ ಕೊಡಿ ಎಂದು ಕೇಳಿದ್ದಕ್ಕೆ. ಧರ್ಮ ಒಂದೇ ಆಗಿದ್ದರೂ ಭಾಷೆ ಬೇರೆಯೇ ಆಗಿತ್ತು.

ಇನ್ನು ಉರ್ದುವಿನಲ್ಲಿ ಬರೆದವರು ಯಾರು ಅಂತ ನೋಡಿ. ಪ್ರೇಮಚಂದ್ ಮೊದಲು ಬರೆದದ್ದು ಉರ್ದುವಿನಲ್ಲೇ. ಇದೇ ಮುಂಬೈಯಲ್ಲಿ ಬದುಕಿ ಬರೆದ ಕೃಷನ್ ಚಂದರ್ ಹುಟ್ಟಿದ್ದು ಹಿಂದೂ ಮನೆಯಲ್ಲಿ, ರಾಜಿಂದರ್ ಸಿಂಗ್ ಬೇಡಿ ಸಿಖ್. ಇಸ್ಮತ್ ಚುಗ್ತಾಯಿ, ಕೈಫಿ ಆಜ್ಮಿ ಅವರ ಜೊತೆಯವರು. ಬ್ರಿಜ್ ನಾರಾಯಣ್ ಚಕಬಸ್ತ್ ಎಂಬ ಕಾಶ್ಮೀರಿ ಪಂಡಿತ ಕವಿ, ಕಾಡಿಗೆ ಹೊರಟ ರಾಮ ತಾಯಿ ಕೌಸಲ್ಯೆಯ ಅಪ್ಪಣೆ ಕೇಳಲು ಬರುವುದನ್ನು ಉರ್ದುವಿನಲ್ಲಿ ಪದ್ಯವಾಗಿಸಿದರು. ನಮ್ಮ ಕುವೆಂಪು ಅವರಿಗೆ 1967ರ ಜ್ಞಾನಪೀಠ, ಬೇಂದ್ರೆ ಅವರಿಗೆ 1973ರದ್ದು. ನಡುವೆ 1969ರದ್ದು ಉರ್ದು ಕವಿ ಫಿರಾಕ್ ಗೋರಖಪುರಿ ಅವರಿಗೆ. ಅವರ ಹುಟ್ಟುಹೆಸರು ರಘುಪತಿ ಸಹಾಯ್.

ನನ್ನನ್ನು ಜಾಸ್ತಿ ಸೆಳೆದದ್ದು ಮಾತ್ರ ಅಕ್ಷರಗಳು. ಬೇ, ಪೇ, ತೇ ಮೂರಕ್ಕೂ ಆಕಾರ ಒಂದೇ, ಅಗಲವಾದ ಬಟ್ಟಲಿನ ಹಾಗೆ. ಕೆಳಗೆ ಒಂದು ಚುಕ್ಕೆ ಇಟ್ಟರೆ ಬ, ಮೂರಿಟ್ಟರೆ ಪ, ಮೇಲೆ ಎರಡಿಟ್ಟರೆ ತ. ಹಾಗಾದರೆ ಟ? ಅರಬ್ಬಿಯಲ್ಲಿ ಆ ಅಕ್ಷರ ಇಲ್ಲ, ಪಾರಸಿಯಲ್ಲೂ ಇಲ್ಲ. ಆದರೆ ರೋಟಿ ಅಂತ ಬರೆಯಬೇಕಲ್ಲ! ಚುಕ್ಕೆಗಳ ಜಾಗದಲ್ಲಿ ‘ತೋಯ್’ ಎಂಬ ಅಕ್ಷರವನ್ನು ಪುಟ್ಟದಾಗಿ ಬರೆದು ಟ ಮಾಡಿಕೊಂಡರು. ಡ ಅಕ್ಷರಕ್ಕೂ ಅದೇ ಉಪಾಯ. ಖ, ಘ, ಭ ಬರೆಯಲು ಎರಡು ಕಣ್ಣಿನ ‘ಹೇ’ ಜೋಡಿಸಿದರು. ಲಿಪಿ ಹೊರಗಿನಿಂದ ಬಂದಿರಬಹುದು, ಆಡುವ ನಾಲಿಗೆ ಇಲ್ಲಿಯದೇ. ಮೊಹಮ್ಮದ್ ಅಲಿ ರಸ್ತೆಯ ಅಂಗಡಿ ಬೋರ್ಡುಗಳಲ್ಲಿ ಆ ಪುಟ್ಟ ತೋಯ್ ಹುಡುಕಿಕೊಂಡು ನಡೆಯುವುದೆಂದರೆ ನನಗೆ ಈಗಲೂ ಖುಷಿ. ಗಜಲ್‌ಗೆ ತಲೆದೂಗುವ ಎಷ್ಟೋ ಮಂದಿ ಈ ಲಿಪಿ ಕಂಡರೆ ಮುಖ ತಿರುಗಿಸುತ್ತಾರೆ. ಅದು ನನಗೆ ಅರ್ಥವಾಗುವುದೇ ಇಲ್ಲ.

ನಮ್ಮ ಊರಿನ ಕಡೆಯದ್ದನ್ನೂ ಹೇಳಬೇಕು. ಬಿಜಾಪುರವನ್ನು ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹ್ (1580–1627) ‘ಕಿತಾಬ್-ಎ-ನೌರಸ್’ ಹಾಡುಗಳನ್ನು ಬರೆದದ್ದು ದಖ್ಖನಿಯಲ್ಲಿ, ಅಂದರೆ ಉರ್ದುವಿನ ಹಳೆಯ ದಕ್ಷಿಣದ ರೂಪದಲ್ಲಿ. ಅದರಲ್ಲಿ ಸರಸ್ವತಿಯನ್ನು ನೆನೆದಿದ್ದಾನೆ, ಗಣಪತಿಯನ್ನೂ ನೆನೆದಿದ್ದಾನೆ. ಗೋಲಗುಂಬಜ್ ನೋಡಿ ಹಾಗೇ ವಾಪಸ್ ಬರಬೇಡಿ. ಅವನ ಸಮಾಧಿ ಇರುವ ಇಬ್ರಾಹಿಂ ರೋಜಾಕ್ಕೂ ಹೋಗಿ ಬನ್ನಿ.

ಇತ್ತೀಚೆಗೆ ಇದೇ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಮಹಾರಾಷ್ಟ್ರದ ಅಕೋಲಾ ಜಿಲ್ಲೆಯ ಪಾತೂರಿನ ಪುರಸಭೆಯ ಬೋರ್ಡಿನಲ್ಲಿ ಮರಾಠಿಯ ಕೆಳಗೆ ಉರ್ದು ಇತ್ತು, ಅದನ್ನು ತೆಗೆಸಬೇಕು ಅನ್ನುವುದು ಕೇಸು. ಭಾಷೆ ಅಂದರೆ ಧರ್ಮ ಅಲ್ಲ, ಉರ್ದು ಈ ನೆಲದಲ್ಲೇ ಹುಟ್ಟಿದ ಭಾಷೆ ಎಂದು ಕೋರ್ಟು 2025ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತು. ಬೋರ್ಡಿನಲ್ಲಿ ಉರ್ದು ಇರಲಿ ಅಂದಿತು.

ಮುಂಬೈ ಮಹಾನಗರ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತಾ ಬಂದಿದೆ. ಅದರಲ್ಲಿ ಉರ್ದು ಒಂದು, ಕನ್ನಡವೂ ಒಂದು. ಮರಾಠಿ ನೆಲದಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಕಲಿಯಲು ಒಂದು ಕೋಣೆ, ಒಬ್ಬ ಮೇಷ್ಟ್ರು ಬೇಕು ಅಂತ ಕೇಳುವವರು ನಾವು. ಅದೇ ನಾವು ಪಕ್ಕದ ಕೋಣೆಯ ಉರ್ದುವನ್ನು ಪರಕೀಯ ಅಂದರೆ ನನಗೆ ನಿಜಕ್ಕೂ ನೋವಾಗುತ್ತದೆ.